ಉತ್ತರ ಬೇಡ, ನಿಂತ ಸಾಲು ಕಳಿಸಿ: ಕೊಡಗಿನಲ್ಲಿ ಕೂತು ಆನ್‌ಲೈನ್ ಕೋರ್ಸನ್ನು ಜೊತೆಯಾಗಿ ಓದುವ ಬಗೆ

ಆನ್‌ಲೈನ್ ಕೋರ್ಸಿಗೆ ಸೇರಿದ ಕೂಡಲೇ ಯಾರೋ ಒಬ್ಬರು ವಾಟ್ಸಾಪ್ ಗುಂಪು ಮಾಡುತ್ತಾರೆ. ವಾರದೊಳಗೆ ಅದರಲ್ಲಿ ಇನ್ನೂರು ಜನ. ತಿಂಗಳಾಗುವಷ್ಟರಲ್ಲಿ ಅಲ್ಲಿ ಬರುವುದು ಎರಡೇ ಬಗೆಯ ಮೆಸೇಜು, ಒಂದು ಗುಡ್ ಮಾರ್ನಿಂಗ್ ಹೂವು, ಇನ್ನೊಂದು ‘ಈ ವಾರದ ಆನ್ಸರ್ ಯಾರ ಹತ್ರ ಇದೆ, ಕಳ್ಸಿ ಪ್ಲೀಸ್’. ಎ, ಸಿ, ಸಿ, ಡಿ, ಬಿ ಅಂತ ಯಾರೋ ಹಾಕುತ್ತಾರೆ. ಉಳಿದವರು ಕೈ ಮುಗಿಯುವ ಚಿತ್ರ ಹಾಕುತ್ತಾರೆ. ಅಲ್ಲಿಗೆ ಗ್ರೂಪ್ ಸ್ಟಡಿ ಮುಗಿಯಿತು.

ಇದರಲ್ಲಿ ನಷ್ಟ ಯಾರಿಗೆ ಅಂತ ಅಂಕದ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್ ಕೋರ್ಸುಗಳಲ್ಲಿ ವಾರವಾರದ ಅಸೈನ್‌ಮೆಂಟಿಗೆ ಎಲ್ಲ ಸೇರಿ 25 ಅಂಕ. ಕೊನೆಗೆ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಸರ್ಟಿಫಿಕೇಟ್ ಸಿಗಬೇಕಾದರೆ 25ರಲ್ಲಿ ಕನಿಷ್ಠ 10, 75ರಲ್ಲಿ ಕನಿಷ್ಠ 30, ಎರಡೂ ಬರಬೇಕು. ಇಗ್ನೋ ಎಂಬ ದೂರಶಿಕ್ಷಣದ ವಿಶ್ವವಿದ್ಯಾಲಯದಲ್ಲೂ ಬಹುತೇಕ ಕೋರ್ಸುಗಳಿಗೆ ಅಸೈನ್‌ಮೆಂಟಿನ ಪಾಲು ಶೇ. 30, ಪರೀಕ್ಷೆಯ ಪಾಲು ಶೇ. 70. ಅಂದರೆ ಗುಂಪಿನಿಂದ ಎತ್ತಿಕೊಂಡ ಉತ್ತರ ಸಣ್ಣ ಪಾಲಿಗೆ ಮಾತ್ರ ಆಗುತ್ತದೆ, ದೊಡ್ಡ ಪಾಲಿಗೆ ನೀವು ಒಬ್ಬರೇ ಕೂರಬೇಕು. ಆಗ ವಾಟ್ಸಾಪ್ ಜೊತೆಗೆ ಇರುವುದಿಲ್ಲ.

ಹಾಗಂತ ಒಬ್ಬೊಬ್ಬರೇ ಓದಿ ಅಂತ ನಾನು ಹೇಳುತ್ತಿಲ್ಲ. ಕೊಡಗಿನಂಥ ಜಾಗದಲ್ಲಿ ಅದು ಇನ್ನೂ ಕಷ್ಟ. ನಿಮ್ಮ ಕೋರ್ಸೇ ಮಾಡುತ್ತಿರುವ ಇನ್ನೊಬ್ಬರು ನಾಪೋಕ್ಲಿನಲ್ಲಿ ಇರುತ್ತಾರೆ, ಮತ್ತೊಬ್ಬರು ಶನಿವಾರಸಂತೆಯಲ್ಲಿ, ಸಂಜೆ ಐದಾದ ಮೇಲೆ ಬಸ್ಸೇ ಇಲ್ಲದ ಊರಿನಲ್ಲಿ ಇನ್ನೊಬ್ಬರು. ಲೈಬ್ರರಿಯಲ್ಲಿ ಎದುರುಬದುರು ಕೂತು ಚರ್ಚೆ ಮಾಡುವುದೆಲ್ಲ ಆಗದ ಮಾತು. ಹಾಗಾಗಿ ದೂರದಲ್ಲೇ ಇದ್ದುಕೊಂಡು ಲೆಕ್ಕವನ್ನೋ ಪ್ರಶ್ನೆಯನ್ನೋ ಜೊತೆಯಾಗಿ ಬಿಡಿಸುವ ಒಂದು ಪದ್ಧತಿ ಬೇಕು. ಅದು ಹೇಗೆ ಅಂತ ಕೆಳಗೆ ಬರೆದಿದ್ದೇನೆ. ಇದರಲ್ಲಿ ಮುಖ್ಯವಾದ ನಿಯಮ ಒಂದೇ: ಯಾರೂ ಉತ್ತರ ಕೇಳಬಾರದು, ತಾನು ಬಿಡಿಸುತ್ತಾ ಹೋಗಿ ಎಲ್ಲಿ ಮುಂದೆ ಗೊತ್ತಾಗದೆ ನಿಂತೆ ಅನ್ನುವುದನ್ನು ತೋರಿಸಬೇಕು. ಅದೇ ‘ನಿಂತ ಸಾಲು’. ಉಳಿದದ್ದೆಲ್ಲ ಇದನ್ನು ನಡೆಸಿಕೊಂಡು ಹೋಗುವ ವ್ಯವಸ್ಥೆ ಅಷ್ಟೇ.

ಮೊದಲು ಜನ

ನಾಲ್ಕು ಜನ ಇದ್ದರೆ ಒಳ್ಳೆಯದು. ಐದಾದರೂ ಅಡ್ಡಿಯಿಲ್ಲ. ಏಳು ಎಂಟು ಆಯಿತು ಅಂದರೆ ಇಬ್ಬರು ಮಾತಾಡುತ್ತಾರೆ, ಮಿಕ್ಕವರು ಓದಿ ಸುಮ್ಮನಿರುತ್ತಾರೆ.

ಕೈಲ್‌ಪೊಳ್ದ್ ಎಂಬ ಕೊಡವರ ಆಯುಧ ಹಬ್ಬದ ಸಮಯದಲ್ಲೋ ಕೆಸರುಗದ್ದೆ ಆಟದಲ್ಲೋ ಹಗ್ಗಜಗ್ಗಾಟಕ್ಕೆ ನಿಂತವರಿಗೆ ಇದರ ಗುಟ್ಟು ಗೊತ್ತಿರುತ್ತದೆ. ಹಗ್ಗ ಹಿಡಿದ ಎಲ್ಲರ ಮುಖವೂ ಕೆಂಪಾಗಿರುತ್ತದೆ, ಆದರೆ ನಿಜವಾಗಿ ಎಳೆಯುತ್ತಿರುವವರು ಯಾರು ಅಂತ ಹಿಂದೆ ನಿಂತವನಿಗೆ ಮಾತ್ರ ಗೊತ್ತು. ಫ್ರಾನ್ಸಿನ ಮ್ಯಾಕ್ಸ್ ರಿಂಗಲ್‌ಮನ್ ಎಂಬ ಕೃಷಿ ಎಂಜಿನಿಯರ್ ಇದನ್ನೇ ಅಳೆದು ನೋಡಿದ್ದ. 1913ರಲ್ಲಿ ಪ್ರಕಟವಾದ ಅವನ ಲೆಕ್ಕದ ಪ್ರಕಾರ ಜನ ಹೆಚ್ಚಾದಷ್ಟೂ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತಾ ಹೋಗುತ್ತದೆ, ಎಂಟು ಜನ ಸೇರಿದಾಗ ಒಬ್ಬೊಬ್ಬರು ಹಾಕುವ ಬಲ ಒಂಟಿಯಾಗಿ ಎಳೆಯುವಾಗಿನ ಅರ್ಧಕ್ಕೆ ಇಳಿದಿತ್ತು. ಅದರಲ್ಲಿ ಒಂದು ಭಾಗ ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಲಾಗದೆ ಆದ ನಷ್ಟ, ಇನ್ನೊಂದು ಭಾಗ ‘ಬೇರೆಯವರು ಎಳೀತಾರಲ್ವಾ’ ಅನ್ನುವ ಸೋಮಾರಿತನ. ಇನ್ನೂರು ಜನರ ವಾಟ್ಸಾಪ್ ಗುಂಪಿನಲ್ಲಿ ಎರಡೂ ಇರುತ್ತದೆ. ಆ ದೊಡ್ಡ ಗುಂಪನ್ನು ಬಿಡಬೇಡಿ, ಪರೀಕ್ಷೆಯ ದಿನಾಂಕ, ಫೀಸಿನ ಕೊನೆಯ ದಿನ ತಿಳಿಯಲು ಅದು ಬೇಕು. ಆದರೆ ಕೆಲಸಕ್ಕೆ ನಾಲ್ಕು ಜನರ ಬೇರೆ ಗುಂಪು ಮಾಡಿಕೊಳ್ಳಿ.

ಯಾರು ಆ ನಾಲ್ವರು? ಎಲ್ಲರೂ ಒಂದೇ ಕಾಲೇಜಿನ ಗೆಳೆಯರೇ ಆಗಬೇಕು ಅಂತಿಲ್ಲ. ನನ್ನನ್ನು ಕೇಳಿದರೆ ಆಗದಿದ್ದರೇ ವಾಸಿ, ಹರಟೆ ಕಡಿಮೆ. ಕೆಲಸಕ್ಕೆ ಹೋಗುತ್ತಾ ಓದುವ ಒಬ್ಬ ಅಕ್ಕನೋ ಅಣ್ಣನೋ ಇದ್ದರೆ ಗುಂಪಿಗೆ ಒಂದು ಶಿಸ್ತು ಬರುತ್ತದೆ, ಅವರಿಗೆ ವ್ಯರ್ಥ ಮಾಡಲು ಸಮಯ ಇರುವುದಿಲ್ಲ. ಇನ್ನೊಂದು ಮಾತು, ತಮಾಷೆ ಅನ್ನಿಸಬಹುದು, ಆದರೆ ನಿಜ: ನಾಲ್ವರೂ ಭಾಗಮಂಡಲ, ನಾಪೋಕ್ಲು ಕಡೆಯವರೇ ಆಗಿದ್ದರೆ ಮಳೆಗಾಲದಲ್ಲಿ ನಾಲ್ವರ ಮನೆಯಲ್ಲೂ ಒಟ್ಟಿಗೇ ಕರೆಂಟ್ ಹೋಗುತ್ತದೆ. ಕುಶಾಲನಗರದ ಕಡೆಯವರೊಬ್ಬರು ಇರಲಿ. ಅಲ್ಲಿ ಮಳೆ ಕಡಿಮೆ, ಲೈನಿನ ಮೇಲೆ ಮರ ಬೀಳುವುದೂ ಕಡಿಮೆ.

ನಮ್ಮ ಕ್ಯಾಲೆಂಡರ್ ಬೇರೆ, ಅವರ ಕ್ಯಾಲೆಂಡರ್ ಬೇರೆ

ಎನ್‌ಪಿಟೆಲ್ ಕೋರ್ಸುಗಳು ವರ್ಷಕ್ಕೆ ಎರಡು ಸಲ ನಡೆಯುತ್ತವೆ, ಜನವರಿಯಿಂದ ಏಪ್ರಿಲ್ ಒಮ್ಮೆ, ಜುಲೈಯಿಂದ ಅಕ್ಟೋಬರ್ ಇನ್ನೊಮ್ಮೆ. ಕೊಡಗಿನವರಿಗೆ ಬೇಕಂತಲೇ ಇಟ್ಟ ಹಾಗಿದೆ. ಜನವರಿಯಲ್ಲಿ ರೋಬಸ್ಟಾ ಕೊಯ್ಲು ಶುರು, ಮನೆಯವರೆಲ್ಲ ತೋಟದಲ್ಲಿ ಇಲ್ಲವೇ ಕಾಫಿ ಒಣಗಿಸುವ ಕಣದಲ್ಲಿ. ಅದು ಮುಗಿಯುವಾಗ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವುದು, ಮಳೆ ಬಾರದಿದ್ದರೆ ರಾತ್ರಿಯಿಡೀ ಸ್ಪ್ರಿಂಕ್ಲರ್ ಪೈಪು ಬದಲಾಯಿಸುವುದು. ಜುಲೈ ಬಂತು ಅಂದರೆ ಕಕ್ಕಡ ಅನ್ನುವ ಕೊಡವ ತಿಂಗಳ ಮಳೆ. ಇಗ್ನೋ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಡಿಸೆಂಬರ್‌ನಲ್ಲಿ ಅರೇಬಿಕಾ ಹಣ್ಣಾಗಿರುತ್ತದೆ, ಸುಗ್ಗಿಯ ಹಬ್ಬ ಹುತ್ತರಿಯೂ ಅದೇ ಆಸುಪಾಸಿಗೆ ಬರುತ್ತದೆ.

ಇದಕ್ಕೆ ಮೊದಲ ವಾರವೇ ಒಂದು ಕೆಲಸ ಮಾಡಿ. ನಾಲ್ವರೂ ಸೇರಿ ಕೋರ್ಸಿನ ವಾರಗಳನ್ನು ಒಂದು ಕಾಗದದಲ್ಲಿ ಬರೆದು, ಯಾರಿಗೆ ಯಾವ ವಾರ ಆಗುವುದಿಲ್ಲ ಅಂತ ಗುರುತು ಹಾಕಿ. ಮದುವೆ, ನಾಮಕರಣ, ಕೊಯ್ಲು, ಎಲ್ಲ ಬರಲಿ. 12 ವಾರದ ಎನ್‌ಪಿಟೆಲ್ ಕೋರ್ಸಿನಲ್ಲಿ ಹೆಚ್ಚು ಅಂಕ ಬಂದ 8 ಅಸೈನ್‌ಮೆಂಟ್‌ಗಳ ಸರಾಸರಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 8 ವಾರದ ಕೋರ್ಸಿನಲ್ಲಿ 6. ಹಾಗಾಗಿ ಮೂರು ದಿನ ಕರೆಂಟಿಲ್ಲದೆ ಒಂದು ವಾರ ತಪ್ಪಿದರೆ ಗಾಬರಿ ಬೇಡ, ಆ ವಾರದ ಅಸೈನ್‌ಮೆಂಟಿಗೆ ಉತ್ತರ ಕದಿಯುವ ಅಗತ್ಯವೂ ಇಲ್ಲ. ಪಾಠ ಮಾತ್ರ ಬಿಡಬೇಡಿ, ಪರೀಕ್ಷೆಗೆ ಅದು ಬಂದೇ ಬರುತ್ತದೆ.

ಅಸೈನ್‌ಮೆಂಟಿನ ಕೊನೆಯ ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ 11:59. ಗುಂಪಿನ ಗಡುವನ್ನು ಸೋಮವಾರ ಸಂಜೆಗೆ ಇಟ್ಟುಕೊಳ್ಳಿ. ಬುಧವಾರ ರಾತ್ರಿ ಗಾಳಿ ಬೀಸುತ್ತಿರುವಾಗ, ಒಂದು ಕಡ್ಡಿ ನೆಟ್‌ವರ್ಕ್ ಹಿಡಿಯಲು ಬಾಣೆಯ ಗುಡ್ಡ ಹತ್ತಿ ಟಾರ್ಚ್ ಬೆಳಕಿನಲ್ಲಿ ಲೆಕ್ಕ ಮಾಡುವ ಸಾಹಸ ಯಾರಿಗೂ ಬೇಡ. ಜಿಗಣೆಗಳಿಗೆ ಮಾತ್ರ ಅದರಿಂದ ಲಾಭ.

ವೀಡಿಯೊಗಳನ್ನು ನೆಟ್‌ವರ್ಕ್ ಇರುವಾಗಲೇ ಇಳಿಸಿಟ್ಟುಕೊಳ್ಳಿ. ಪೇಟೆಗೆ ಹೋದವರು ಎಲ್ಲರ ಪರವಾಗಿ ಇಳಿಸಿ ಪೆನ್‌ಡ್ರೈವಿನಲ್ಲಿ ತಂದರೂ ಆಯಿತು. ಪಾಠದ ಬರಹದ ಪ್ರತಿ ಸಿಗುವುದಾದರೆ ಅದನ್ನೂ ಇಳಿಸಿ, ಅದಕ್ಕೆ ಡೇಟಾ ಹೆಚ್ಚೇನೂ ಖರ್ಚಾಗುವುದಿಲ್ಲ. ಕೆಲವು ಎನ್‌ಪಿಟೆಲ್ ಕೋರ್ಸುಗಳ ಪಾಠ ಕನ್ನಡದಲ್ಲೂ ಸಿಗುತ್ತದೆ, ಹುಡುಕಿ ನೋಡಿ.

ಡೇಟಾ ಪೂರ್ತಿ ಕೈಕೊಟ್ಟಾಗ ಏನು ಮಾಡುವುದು ಅಂತಲೂ ಮೊದಲೇ ಮಾತಾಡಿಕೊಳ್ಳಿ. ನೆಟ್ ಸತ್ತರೂ ಎಷ್ಟೋ ಸಲ ಸಾದಾ ಕಾಲ್ ಹೋಗುತ್ತದೆ. ಕಾನ್ಫರೆನ್ಸ್ ಕಾಲಿನಲ್ಲಿ ನಾಲ್ಕು ಜನ ಒಂದು ಲೆಕ್ಕ ಬಿಡಿಸಬಹುದು, ಆದರೆ ಅದಕ್ಕೆ ಎಲ್ಲರ ಎದುರಿಗೂ ಪ್ರಶ್ನೆ ಕಾಗದದ ಮೇಲೆ ಇರಬೇಕು. ಆದ್ದರಿಂದ ವಾರದ ಪ್ರಶ್ನೆಗಳು ಬಂದ ಕೂಡಲೇ ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಸ್ಕ್ರೀನ್‌ಶಾಟ್ ಇದೆ ಅಂತ ಸುಮ್ನೆ ಇರಬೇಡಿ, ಫೋನಿನ ಚಾರ್ಜೂ ಹೋಗುತ್ತದೆ.

ನಿಂತ ಸಾಲು

ಈಗ ಮುಖ್ಯ ವಿಷಯ. ಪ್ರತಿ ಪ್ರಶ್ನೆಯನ್ನೂ ಮೊದಲು ಒಬ್ಬೊಬ್ಬರೇ ಮಾಡಿ ನೋಡಬೇಕು. ಅರ್ಧ ಗಂಟೆ ಸಾಕು. ಬಿಡಿಸಲೇಬೇಕು ಅಂತಿಲ್ಲ, ಆದರೆ ಕಾಗದದ ಮೇಲೆ ಏನಾದರೂ ಬಿದ್ದಿರಬೇಕು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತದ ಮೇಷ್ಟ್ರು, ಕ್ಯಾಲ್ಕುಲಸ್‌ನಲ್ಲಿ ಕೆಲವರು ಚೆನ್ನಾಗಿ ಮಾಡುತ್ತಾರೆ, ಅಷ್ಟೇ ಕಷ್ಟಪಡುವ ಇನ್ನು ಕೆಲವರು ಫೇಲ್ ಆಗುತ್ತಾರೆ, ಯಾಕೆ ಅಂತ ಹುಡುಗರ ಹಿಂದೆಯೇ ಹೋಗಿ ನೋಡಿದರು. ಫೇಲ್ ಆಗುತ್ತಿದ್ದವರು ಸೋಮಾರಿಗಳಲ್ಲ, ಗಂಟೆಗಟ್ಟಲೆ ಓದುತ್ತಿದ್ದರು, ಆದರೆ ಒಂಟಿಯಾಗಿ. ಚೆನ್ನಾಗಿ ಮಾಡುತ್ತಿದ್ದವರು ಮೊದಲು ತಾವೇ ಲೆಕ್ಕ ಮಾಡಿಕೊಂಡು, ಸಂಜೆ ಒಟ್ಟಿಗೆ ಊಟಕ್ಕೆ ಕೂತು ಒಬ್ಬರದನ್ನೊಬ್ಬರು ತಿದ್ದುತ್ತಿದ್ದರು. ಮೊದಲು ಒಂಟಿ, ಆಮೇಲೆ ಜೊತೆ. ಆ ಕ್ರಮ ತಿರುಗಿಸಿದರೆ ಕೆಲಸ ಕೆಡುತ್ತದೆ.

ಅಂಕ ಸಿಗುವ ಅಸೈನ್‌ಮೆಂಟಿನ ಪ್ರಶ್ನೆಯಾದರೆ ಅದನ್ನು ಗುಂಪಿಗೆ ತರುವುದು ಗಡುವು ಮುಗಿದ ಮೇಲೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಗುಂಪಿಗೆ ಕಳಿಸುವ ಮೆಸೇಜಿನಲ್ಲಿ ನಾಲ್ಕು ವಿಷಯ ಇರಲಿ. ಪ್ರಶ್ನೆ ಏನು ಕೇಳುತ್ತಿದೆ ಅಂತ ನಿಮ್ಮ ಮಾತಿನಲ್ಲಿ ಒಂದು ಸಾಲು. ನೀವು ಎಲ್ಲಿಯವರೆಗೆ ಮಾಡಿದಿರಿ, ಅದರ ಫೋಟೊ. ಯಾವ ಸಾಲಿನಲ್ಲಿ ನಿಂತಿರಿ, ಆ ಸಾಲಿಗೆ ಒಂದು ಗೆರೆ. ಅಲ್ಲಿ ನಿಮಗೆ ಏನು ಅನುಮಾನ. ‘ಮೂರನೇ ಲೆಕ್ಕ ಅರ್ಥ ಆಗಿಲ್ಲ’ ಅಂತ ಹಾಕಿದರೆ ಯಾರಿಗೂ ಸಹಾಯ ಮಾಡಲು ಆಗುವುದಿಲ್ಲ, ಪೂರ್ತಿ ಪಾಠ ಮಾಡಬೇಕಾಗುತ್ತದೆ, ಅದಕ್ಕೆ ಯಾರ ಹತ್ತಿರವೂ ಸಮಯ ಇಲ್ಲ. ಹಾಗಾಗಿ ಅವರು ಉತ್ತರ ಹಾಕಿ ಕೈತೊಳೆದುಕೊಳ್ಳುತ್ತಾರೆ. ಉತ್ತರ ಹಂಚುವ ಚಟ ಹುಟ್ಟುವುದು ಹೀಗೇ, ಕೆಟ್ಟ ಬುದ್ಧಿಯಿಂದಲ್ಲ, ಕೆಟ್ಟದಾಗಿ ಕೇಳುವುದರಿಂದ.

ಒಂದು ಲೆಕ್ಕ ಇಟ್ಟುಕೊಂಡು ನೋಡೋಣ. ಆಹಾರ ಸಂಸ್ಕರಣೆಯ ಕೋರ್ಸಿನಲ್ಲಿ ಬರುವಂಥದ್ದು, ನಮ್ಮ ಕಣಕ್ಕೂ ಸಂಬಂಧ ಇದೆ. ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಒಳಗಿನ ತೆಳು ಹೊಟ್ಟು ಇನ್ನೂ ಇರುವ ಕಾಫಿ ಬೀಜ. ‘100 ಕೆಜಿ ಹಸಿ ಪಾರ್ಚ್‌ಮೆಂಟ್ ಕಾಫಿಯಲ್ಲಿ ಶೇ. 55 ನೀರಿದೆ. ಶೇ. 10 ನೀರು ಉಳಿಯುವ ತನಕ ಒಣಗಿಸಿದರೆ ತೂಕ ಎಷ್ಟಾಗುತ್ತದೆ?’

ಗುಂಪಿನಲ್ಲಿ ಮೊದಲನೆಯವರು 55 ಕೆಜಿ ಅಂತ ಮಾಡಿರುತ್ತಾರೆ. 55ರಿಂದ 10ಕ್ಕೆ ಇಳಿಯಿತು, 45 ಹೋಯಿತು, 100ರಲ್ಲಿ 45 ಕಳೆದರೆ 55. ನೋಡಲು ಸರಿಯಾಗೇ ಇದೆ. ಎರಡನೆಯವರಿಗೆ 50 ಬಂದಿದೆ. ಉತ್ತರ ಹಂಚುವ ಗುಂಪಿನಲ್ಲಿ ಏನಾಗುತ್ತದೆ? ‘ಐವತ್ತು ಮಾರಾಯ, ಆಪ್ಷನ್ ಬಿ’ ಅಂತ ಒಬ್ಬ ಹಾಕುತ್ತಾನೆ, ಎಲ್ಲರೂ ಬಿ ಒತ್ತುತ್ತಾರೆ, ಪರೀಕ್ಷೆಯಲ್ಲಿ ಅಂಕಿ ಬದಲಾದಾಗ ಮತ್ತೆ ಎಲ್ಲರೂ ಹಾಗೇ ಕಳೆದು ತಪ್ಪು ಮಾಡುತ್ತಾರೆ.

ನಿಂತ ಸಾಲು ಕಳಿಸುವ ಗುಂಪಿನಲ್ಲಿ ಮಾತು ಹೀಗೆ ಹೋಗುತ್ತದೆ. 50 ಬಂದವರು ಉತ್ತರ ಹೇಳುವುದಿಲ್ಲ, 55 ಬಂದವರ ಫೋಟೊ ನೋಡಿ ಒಂದು ಪ್ರಶ್ನೆ ಕೇಳುತ್ತಾರೆ.

‘ಅಕ್ಕ, ನಿಮ್ಮ 55 ಕೆಜಿಯಲ್ಲಿ ನೀರು ಎಷ್ಟು ಕೆಜಿ ಉಳಿದಿದೆ?’

‘ಮೊದಲು 55 ಇತ್ತು, 45 ಹೋಯ್ತು. ಉಳಿದದ್ದು 10 ಕೆಜಿ.’

‘ಸರಿ, 55ರಲ್ಲಿ 10 ಅಂದ್ರೆ ಶೇಕಡಾ ಎಷ್ಟು?’

ಇಲ್ಲಿ ಸ್ವಲ್ಪ ಹೊತ್ತು ಮೆಸೇಜು ಬರುವುದಿಲ್ಲ. ಆ ಮೌನ ಬೇಕು, ತುಂಬಲು ಹೋಗಬೇಡಿ. ಆಮೇಲೆ, ‘ಅಯ್ಯೋ, ಶೇ. 18 ಆಗ್ತದೆ. ಇನ್ನೂ ಒಣಗಬೇಕು.’

‘ಹೌದು. ಒಣಗುವಾಗ ಬದಲಾಗದೆ ಉಳಿಯೋದು ಏನು?’

‘ಕಾಫಿಯ ಗಟ್ಟಿ ಭಾಗ. ಅದು 45 ಕೆಜಿ. ಅದೇ ಈಗ ಶೇ. 90 ಆಗಬೇಕು… ಹಂಗಾದ್ರೆ ಒಟ್ಟು 50.’

ತಾಳೆ ನೋಡಿ: 50 ಕೆಜಿಯಲ್ಲಿ 45 ಗಟ್ಟಿ, 5 ನೀರು, ಐವತ್ತರಲ್ಲಿ ಐದು ಶೇ. 10. ಸರಿ. ಇಲ್ಲಿ ಗಮನಿಸಬೇಕಾದ್ದು, ತಪ್ಪು ಮಾಡಿದವರಿಗೆ ಯಾರೂ ‘ತಪ್ಪು’ ಅನ್ನಲಿಲ್ಲ. ಅವರ ಉತ್ತರವನ್ನೇ ಪ್ರಶ್ನೆಗೆ ಹಿಡಿದು ನೋಡಲು ಹೇಳಿದರು, ಅಷ್ಟೇ. ತೂಕ ಬದಲಾದರೆ ಶೇಕಡಾವಾರಿನ ತಳವೂ ಬದಲಾಗುತ್ತದೆ ಅನ್ನುವುದು ಆ ಅಕ್ಕನಿಗೆ ಇನ್ನು ಮರೆಯುವುದಿಲ್ಲ. ಪ್ರಶ್ನೆ ಕೇಳಿದವರಿಗೂ ಲಾಭ ಆಯಿತು, ಯಾಕೆಂದರೆ 55 ಯಾಕೆ ತಪ್ಪು ಅಂತ ಅವರು ಅದುವರೆಗೆ ಯೋಚಿಸಿರಲೇ ಇಲ್ಲ, ಸೂತ್ರಕ್ಕೆ ಅಂಕಿ ಹಾಕಿ ಮುಗಿಸಿದ್ದರು.

ಓಟು ಹಾಕಿ, ಆದರೆ ಗುಟ್ಟಾಗಿ

ಆಯ್ಕೆ ಕೊಟ್ಟಿರುವ ಪ್ರಶ್ನೆಗಳಿಗೆ ಇನ್ನೊಂದು ದಾರಿ ಇದೆ. ಹಾರ್ವರ್ಡಿನ ಭೌತಶಾಸ್ತ್ರದ ಪ್ರೊಫೆಸರ್ ಎರಿಕ್ ಮಜೂರ್ 1991ರಿಂದ ಕ್ಲಾಸಿನಲ್ಲಿ ಇದನ್ನು ಮಾಡಿಸುತ್ತಾ ಬಂದರು. ಪ್ರಶ್ನೆ ಹಾಕುವುದು, ಎಲ್ಲರೂ ಒಂಟಿಯಾಗಿ ಒಂದು ಉತ್ತರಕ್ಕೆ ಓಟು ಹಾಕುವುದು, ಆಮೇಲೆ ಬೇರೆ ಉತ್ತರ ಹೇಳಿದ ಪಕ್ಕದವರ ಜೊತೆ ವಾದ ಮಾಡುವುದು, ಮತ್ತೆ ಓಟು. ಚರ್ಚೆಯಲ್ಲಿ ಬುದ್ಧಿವಂತರು ಹೇಳಿದ್ದಕ್ಕೆ ಮಿಕ್ಕವರು ತಲೆ ಆಡಿಸುತ್ತಾರೆ ಅಷ್ಟೇ ಅಲ್ವಾ ಅಂತ ನಿಮಗೆ ಅನ್ನಿಸಬಹುದು. ಕೊಲರಾಡೊ ವಿಶ್ವವಿದ್ಯಾಲಯದ ತಳಿವಿಜ್ಞಾನದ ಕ್ಲಾಸಿನಲ್ಲಿ ಇದನ್ನೇ ಪರೀಕ್ಷಿಸಿದರು, 2009ರಲ್ಲಿ ಪ್ರಕಟಿಸಿದರು. ಚರ್ಚೆ ಆದ ಮೇಲೆ ಅದೇ ತತ್ವದ ಮೇಲೆ ಇನ್ನೊಂದು ಪ್ರಶ್ನೆ ಕೊಟ್ಟು ಒಬ್ಬೊಬ್ಬರೇ ಉತ್ತರಿಸಲು ಹೇಳಿದರೆ, ಮೊದಲು ಯಾರಿಗೂ ಸರಿ ಉತ್ತರ ಗೊತ್ತಿಲ್ಲದಿದ್ದ ಗುಂಪಿನವರೂ ಸುಧಾರಿಸಿದ್ದರು. ಅಂದರೆ ನಾಲ್ವರಿಗೂ ಗೊತ್ತಿಲ್ಲದ ಪ್ರಶ್ನೆಯನ್ನು ಕೂತು ಮಾತಾಡುವುದು ಸುಮ್ನೆ ಕಾಲಹರಣ ಅಲ್ಲ.

ಒಂದು ಎಚ್ಚರ. ವಾಟ್ಸಾಪ್ ಪೋಲ್ ಹಾಕಿದರೆ ಯಾರು ಯಾವುದಕ್ಕೆ ಓಟು ಹಾಕಿದರು ಅಂತ ಎಲ್ಲರಿಗೂ ಕಾಣುತ್ತದೆ. ಚೆನ್ನಾಗಿ ಓದುವವರ ಓಟು ನೋಡಿಕೊಂಡು ಉಳಿದವರು ಒತ್ತುತ್ತಾರೆ. ಟೆಲಿಗ್ರಾಂನಲ್ಲಿ ಹೆಸರು ಕಾಣದ ಪೋಲ್ ಇದೆ, ಅದನ್ನು ಬಳಸಿ. ಇಲ್ಲದಿದ್ದರೆ ಆ ವಾರಕ್ಕೆ ಅಂತ ಆರಿಸಿದ ಒಬ್ಬರಿಗೆ ಎಲ್ಲರೂ ಖಾಸಗಿಯಾಗಿ ಉತ್ತರ ಕಳಿಸಲಿ, ಅವರು ‘ಇಬ್ಬರು ಎ, ಒಬ್ಬರು ಸಿ, ಒಬ್ಬರು ಡಿ’ ಅಂತ ಮಾತ್ರ ಗುಂಪಿಗೆ ಹೇಳಲಿ. ಎಲ್ಲರೂ ಒಂದೇ ಉತ್ತರ ಹೇಳಿದ್ದರೆ ಒಂದೇ ಒಂದು ಸಾಲಿನ ಕಾರಣ ಬರೆದು ಮುಂದಕ್ಕೆ ಹೋಗಿ. ಭಿನ್ನಾಭಿಪ್ರಾಯ ಇರುವ ಕಡೆ ಸಮಯ ಹಾಕಿ.

ಈ ಓಟು ಸೇರಿಸುವವರು ವಾರಕ್ಕೊಬ್ಬರು ಬದಲಾಗಲಿ. ಅವರದ್ದೇ ಇನ್ನೊಂದು ಕೆಲಸ, ಅನುಮಾನ ಪಡುವುದು. ಎಲ್ಲರೂ ಒಪ್ಪಿದ ಮೇಲೂ ‘ಇದು ಸರಿ ಅಂತ ಹೇಗೆ ಗೊತ್ತು? ಅಂಕಿ ಸೊನ್ನೆ ಆಗಿದ್ದರೆ ಏನಾಗ್ತದೆ?’ ಅಂತ ಕೆದಕುವುದು. ಸ್ವಭಾವತಃ ಹೀಗೆ ಕೆದಕುವವರು ಗುಂಪಿನಲ್ಲಿ ಇದ್ದರೆ ಅವರ ಮೇಲೆ ಸಿಟ್ಟು ಬರುತ್ತದೆ. ಆದರೆ ಸರದಿಯ ಮೇಲೆ ಅದು ಒಬ್ಬರ ಡ್ಯೂಟಿ ಅಂತ ಆದರೆ ಯಾರಿಗೂ ಬೇಜಾರಿಲ್ಲ.

ಲೆಕ್ಕ ಅಲ್ಲದ ವಿಷಯ

ಪ್ರೋಗ್ರಾಮಿಂಗ್ ಕೋರ್ಸ್ ಮಾಡುವವರು ಎರರ್ ಬಂದಾಗ ಕಂಪ್ಯೂಟರ್ ಪರದೆಗೆ ಫೋನ್ ಹಿಡಿದು ಓರೆಯಾಗಿ ಫೋಟೊ ತೆಗೆದು ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ. ಕೋಡನ್ನು ಅಕ್ಷರವಾಗಿ ಕಾಪಿ ಮಾಡಿ ಕಳಿಸಿ, ಇನ್ನೊಬ್ಬರು ಓಡಿಸಿ ನೋಡಲು ಆಗಬೇಕು. ಎರರ್ ಮೆಸೇಜಿನ ಕೊನೆಯ ಸಾಲು ಸೇರಿಸಿ. ಪೂರ್ತಿ ಇನ್ನೂರು ಸಾಲು ಬೇಡ, ತಪ್ಪು ಬರುತ್ತಿರುವಷ್ಟು ಭಾಗ ಮಾತ್ರ ಉಳಿಸಿ ಮಿಕ್ಕದ್ದನ್ನು ಕತ್ತರಿಸುತ್ತಾ ಹೋಗಿ. ಅರ್ಧದಷ್ಟು ಸಲ ಹೀಗೆ ಕತ್ತರಿಸುವಾಗಲೇ ತಪ್ಪು ಕಣ್ಣಿಗೆ ಬೀಳುತ್ತದೆ, ಕಳಿಸುವ ಅಗತ್ಯವೇ ಬರುವುದಿಲ್ಲ.

ಎರರ್ ಬಾರದ ತಪ್ಪುಗಳು ಇನ್ನೂ ಕಷ್ಟ. ಡೇಟಾ ಸೈನ್ಸ್ ಕೋರ್ಸಿಗೆ ಮಳೆಯ ಲೆಕ್ಕವನ್ನು ಪ್ರಾಜೆಕ್ಟ್ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ, ಮನೆಯಲ್ಲೇ ವರ್ಷಗಟ್ಟಲೆಯ ಮಳೆಯ ಡೈರಿ ಇರುತ್ತದಲ್ಲ. ಅಜ್ಜ ಬರೆದಿಟ್ಟದ್ದು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು). ಹವಾಮಾನ ಇಲಾಖೆಯ ಅಂಕಿ ಮಿಲಿಮೀಟರಿನಲ್ಲಿ. ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ಸರಾಸರಿ ತೆಗೆದರೆ ಕಂಪ್ಯೂಟರ್ ಏನೂ ತಕರಾರು ಮಾಡುವುದಿಲ್ಲ, ಒಂದು ಅಂಕಿ ಕೊಡುತ್ತದೆ. ಒಂದು ಸಾಲಿನಲ್ಲಿ ಜುಲೈಗೆ 40, ಪಕ್ಕದಲ್ಲಿ ಇನ್ನೊಂದು ಜುಲೈಗೆ 1016. ಎರಡೂ ಒಂದೇ ಮಳೆ, ಒಂದು ಇಂಚು ಅಂದರೆ 25.4 ಮಿಲಿಮೀಟರ್. ಬರೆದವರಿಗೆ ಇದು ಕಾಣುವುದಿಲ್ಲ, ಯಾಕೆಂದರೆ ಅವರು ಕೋಡನ್ನು ನೋಡುತ್ತಿರುತ್ತಾರೆ. ಗುಂಪಿನ ಇನ್ನೊಬ್ಬರು ‘ಜುಲೈನಲ್ಲಿ ಬರೀ 40 ಮಿಲಿಮೀಟರಾ? ಯಾವ ಊರು ಮಾರಾಯ್ರೇ ಅದು?’ ಅಂತ ಕೇಳಿದರೆ ಮುಗಿಯಿತು. ಇಂಥದ್ದಕ್ಕೆ ಕೋಡ್ ಬರುವವರೇ ಬೇಕಂತಿಲ್ಲ, ಮಳೆ ನೋಡಿದವರು ಸಾಕು. ಪ್ರಾಜೆಕ್ಟಿನ ಅಂಕಿಗಳನ್ನು ಕೋರ್ಸ್ ಮಾಡದ ಮನೆಯವರಿಗೂ ಒಮ್ಮೆ ತೋರಿಸಿ.

ಇತಿಹಾಸ, ಅರ್ಥಶಾಸ್ತ್ರದಂಥ ಪ್ರಬಂಧದ ಉತ್ತರಗಳಿಗೆ ಬೇರೆ ಕ್ರಮ. ಅಲ್ಲಿ ಬರೆದ ಉತ್ತರ ಹಂಚಲೇಬೇಡಿ. ಇಗ್ನೋ ಅಸೈನ್‌ಮೆಂಟ್ ಕೈಬರಹದಲ್ಲಿ ಕೊಡುವುದು ರೂಢಿ, ನಾಲ್ಕು ಜನರದ್ದು ಒಂದೇ ಥರ ಇದ್ದರೆ ತಿದ್ದುವವರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಬದಲಿಗೆ ಫೋನಿನಲ್ಲಿ ಅರ್ಧ ಗಂಟೆ ವಾದ ಮಾಡಿ: ಇಬ್ಬರು ಒಂದು ಪಕ್ಷ, ಇಬ್ಬರು ಎದುರು ಪಕ್ಷ. ಫೋನ್ ಇಟ್ಟ ಮೇಲೆ ಪ್ರತಿಯೊಬ್ಬರೂ ತಮ್ಮದೇ ಮಾತಿನಲ್ಲಿ ಬರೆಯಲಿ.

ಮಾತು ಯಾವ ಭಾಷೆಯಲ್ಲಾದರೂ ಆಗಲಿ. ಪಾಠ ಇಂಗ್ಲಿಷಿನಲ್ಲಿ ಇದೆ ಅಂತ ಚರ್ಚೆಯನ್ನೂ ಇಂಗ್ಲಿಷಿನಲ್ಲಿ ಮಾಡಲು ಹೋಗಿ ಎಷ್ಟೋ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ನಾಲ್ವರಿಗೂ ಅರ್ಥ ಆಗುವುದು ಯಾವುದೋ ಅದು. ಪಾರಿಭಾಷಿಕ ಪದ ಮಾತ್ರ ಪಾಠದಲ್ಲಿ ಇರುವ ಹಾಗೆಯೇ ಇಟ್ಟುಕೊಳ್ಳಿ, ಪರೀಕ್ಷೆಯಲ್ಲಿ ಗುರುತು ಸಿಗಬೇಕಲ್ಲ.

ಮುಗಿಸುವುದನ್ನು ಕಲಿಯಿರಿ

ಆನ್‌ಲೈನ್ ಚರ್ಚೆಗಳ ದೊಡ್ಡ ರೋಗ ಇದು. ಕೆನಡಾದ ಗ್ಯಾರಿಸನ್, ಆಂಡರ್ಸನ್, ಆರ್ಚರ್ ಎಂಬ ಮೂವರು 2000ದ ಸುಮಾರಿಗೆ ಇಂಥ ಕೋರ್ಸುಗಳ ಮಾತುಕತೆಯನ್ನು ನಾಲ್ಕು ಹಂತ ಮಾಡಿದರು: ಪ್ರಶ್ನೆ ಏಳುವುದು, ತಡಕಾಡುವುದು, ವಿಚಾರಗಳನ್ನು ಜೋಡಿಸುವುದು, ಕೊನೆಗೆ ಪರಿಹಾರಕ್ಕೆ ಬರುವುದು. ಆಮೇಲೆ ಇದೇ ಅಳತೆಗೋಲು ಹಿಡಿದು ನೋಡಿದ ಬಹಳಷ್ಟು ಅಧ್ಯಯನಗಳಲ್ಲಿ ಕಂಡದ್ದು ಒಂದೇ, ಚರ್ಚೆ ಎರಡನೇ ಹಂತದಲ್ಲೇ ನಿಂತುಬಿಡುತ್ತದೆ. ಎಲ್ಲರೂ ಒಂದೊಂದು ಅಭಿಪ್ರಾಯ ಹೇಳುತ್ತಾರೆ, ಯಾರೂ ಅದನ್ನು ಕಟ್ಟಿ ಮುಗಿಸುವುದಿಲ್ಲ. ನಿಮ್ಮ ಗುಂಪಿನ ಹಳೆಯ ಮೆಸೇಜುಗಳನ್ನು ಮೇಲಕ್ಕೆ ಜಗ್ಗಿ ನೋಡಿ, ಹೀಗೇ ಇರುತ್ತದೆ.

ಮದ್ದು ಸುಲಭ. ಪ್ರಶ್ನೆ ಕೇಳಿದವರೇ ಕೊನೆಗೆ ಮುಗಿಸಬೇಕು, ಸಹಾಯ ಮಾಡಿದವರಲ್ಲ. ಲೆಕ್ಕ ಬಿಡಿಸಿದ ಮೇಲೆ ಅವರು ಒಂದು ನಿಮಿಷದ ವಾಯ್ಸ್ ನೋಟ್ ಹಾಕಲಿ: ಎಲ್ಲಿ ನಿಂತಿದ್ದೆ, ಯಾಕೆ ನಿಂತಿದ್ದೆ, ಹೇಗೆ ದಾಟಿದೆ. ವಾಯ್ಸ್ ನೋಟಿಗೆ ನೆಟ್‌ವರ್ಕ್ ಜಾಸ್ತಿ ಬೇಡ, ಬರೆಯಲು ಬೇಜಾರಾದವರೂ ಮಾತಾಡುತ್ತಾರೆ. ಜೊತೆಗೆ ಬಿಡಿಸಿದ ಪುಟದ ಒಂದು ಫೋಟೊ. ಬೆಳಕು ಪಕ್ಕದಿಂದ ಬೀಳಲಿ, ಫೋನಿನ ನೆರಳು ಬೀಳಬಾರದು, ಪ್ರಶ್ನೆಯ ಸಂಖ್ಯೆ ಮೇಲೆ ದೊಡ್ಡದಾಗಿ ಬರೆದಿರಲಿ. ಇವನ್ನೆಲ್ಲ ಒಂದು ಗೂಗಲ್ ಡ್ರೈವ್ ಫೋಲ್ಡರಿನಲ್ಲಿ ವಾರದ ಲೆಕ್ಕದಲ್ಲಿ ಹಾಕಿಡಿ. ಪರೀಕ್ಷೆಯ ಹಿಂದಿನ ವಾರ ಇಡೀ ಪಾಠಕ್ಕಿಂತ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಇದರಲ್ಲಿ ಇರುವುದು ನೀವು ನಾಲ್ವರು ಎಡವಿದ ಜಾಗಗಳು ಮಾತ್ರ.

ಎಲ್ಲಿಯವರೆಗೆ ಸಹಾಯ, ಎಲ್ಲಿಂದ ನಕಲು? ಅಂಕ ಸಿಗುವ ಅಸೈನ್‌ಮೆಂಟಿನ ಉತ್ತರ ಹಂಚಬಾರದು ಅಂತ ಬಹುತೇಕ ಕೋರ್ಸುಗಳ ನಿಯಮದಲ್ಲೇ ಇರುತ್ತದೆ, ಸೇರುವಾಗ ನೀವು ಒಪ್ಪಿ ಟಿಕ್ ಮಾಡಿರುತ್ತೀರಿ. ಹಾಗಾಗಿ ಗಡುವು ಮುಗಿಯುವ ಮೊದಲು ಅದೇ ಪ್ರಶ್ನೆಯ ಬದಲು ಪಾಠದ ಉದಾಹರಣೆಯನ್ನೋ, ಅಂಕಿ ಬದಲಾಯಿಸಿದ ಲೆಕ್ಕವನ್ನೋ ಚರ್ಚಿಸಿ. ಮೇಲಿನ ಕಾಫಿ ಲೆಕ್ಕದಲ್ಲಿ 55ನ್ನು 60 ಮಾಡಿದರೂ ವಿಷಯ ಅದೇ. ಗಡುವು ಮುಗಿದ ಮೇಲೆ ಅಸಲಿ ಪ್ರಶ್ನೆಗೆ ಬನ್ನಿ. ನಿಮ್ಮ ಕೋರ್ಸಿನ ನಿಯಮ ಒಮ್ಮೆ ಓದಿಕೊಳ್ಳಿ, ಕೆಲವು ಕಡೆ ಜೊತೆಯಾಗಿ ಮಾಡಲು ಬಿಡುತ್ತಾರೆ, ಕೆಲವು ಕಡೆ ಇಲ್ಲ.

ಚಾಟ್‌ಜಿಪಿಟಿಯಂಥವನ್ನು ಐದನೇ ಸದಸ್ಯನ ಹಾಗೆ ಇಟ್ಟುಕೊಳ್ಳಬಹುದು, ಆದರೆ ಕೊನೆಗೆ ಕರೆಯಿರಿ. ನಾಲ್ವರೂ ಬಿಡಿಸಿದ ಮೇಲೆ ‘ಇದರಲ್ಲಿ ತಪ್ಪೆಲ್ಲಿದೆ ಹುಡುಕು’ ಅಂತ ಕೇಳಿ. ಅದು ಹೇಳಿದ್ದನ್ನೂ ತಾಳೆ ನೋಡಿ, ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. ಮೊದಲೇ ಕೇಳಿದರೆ ಇನ್ನೂರು ಜನರ ಗುಂಪಿನಲ್ಲಿ ಉತ್ತರ ಎತ್ತಿದಂತೆಯೇ.

ಕೆಲಸ ಮಾಡದವರನ್ನು ಏನು ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ಎರಡು ವಾರ ಏನೂ ಕಳಿಸದಿದ್ದರೆ ಗುಂಪಿನಲ್ಲಿ ಚುಚ್ಚಬೇಡಿ, ಒಬ್ಬರು ಫೋನ್ ಮಾಡಿ ಕೇಳಿ. ಮನೆಯಲ್ಲಿ ಕಾಯಿಲೆಯೋ, ಕಣ ಕಾಯುವ ಪಾಳಿಯೋ, ಫೋನ್ ತಮ್ಮನ ಕೈಯಲ್ಲಿದೆಯೋ ಏನೋ. ಆದರೆ ಬರೀ ತೆಗೆದುಕೊಳ್ಳಲು ಬಂದವರು ಅಂತ ಗೊತ್ತಾದರೆ ದಾಕ್ಷಿಣ್ಯ ಬೇಡ, ‘ನಿಂತ ಸಾಲು ಕಳಿಸಿದರೆ ಮಾತ್ರ ಮುಂದಕ್ಕೆ’ ಅಂತ ನೇರವಾಗಿ ಹೇಳಿ. ಒಬ್ಬರು ಬಿಟ್ಟು ಹೋದರೆ ಮೂವರಲ್ಲೂ ನಡೆಯುತ್ತದೆ.

ಇನ್ನು ಎನ್‌ಪಿಟೆಲ್ ಪರೀಕ್ಷೆ. ನೋಂದಣಿ ಮಾಡುವಾಗ ಊರು ಆರಿಸಬೇಕಾಗುತ್ತದೆ, ಅದನ್ನು ನಾಲ್ವರೂ ಮಾತಾಡಿಕೊಂಡು ಒಂದೇ ಊರು ಹಾಕಿ. ಒಬ್ಬರು ಮಂಗಳೂರು, ಮೂವರು ಮೈಸೂರು ಅಂತಾದರೆ ಆ ಒಬ್ಬರು ಸಂಪಾಜೆ ಘಾಟಿ ಒಬ್ಬರೇ ಇಳಿಯಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಳಗಿನ ಪರೀಕ್ಷೆ 9 ಗಂಟೆಗೆ. ನಸುಕಿನಲ್ಲಿ ಹೊರಡಬೇಕು, ಇಲ್ಲವೇ ಹಿಂದಿನ ದಿನವೇ ಹೋಗಿ ಯಾರದಾದರೂ ನೆಂಟರ ಮನೆಯಲ್ಲಿ ಉಳಿಯಬೇಕು. ಒಂದು ಕಾರು ಮಾಡಿಕೊಂಡರೆ ಖರ್ಚು ನಾಲ್ಕು ಪಾಲಾಗುತ್ತದೆ, ದಾರಿಯಲ್ಲಿ ಆ ಫೋಲ್ಡರಿನ ವಾಯ್ಸ್ ನೋಟುಗಳನ್ನು ಒಂದರ ಹಿಂದೆ ಒಂದು ಹಾಕಿ ಕೇಳಬಹುದು. ಹಾಲ್ ಟಿಕೆಟಿನ ಪ್ರಿಂಟ್ ಮತ್ತು ಗುರುತಿನ ಚೀಟಿ ಹಿಂದಿನ ರಾತ್ರಿಯೇ ಬ್ಯಾಗಿಗೆ ಹಾಕಿಕೊಳ್ಳಿ, ಬೆಳಗ್ಗೆ ಐದಕ್ಕೆ ಯಾವ ಜೆರಾಕ್ಸ್ ಅಂಗಡಿಯೂ ತೆರೆದಿರುವುದಿಲ್ಲ.